ಬೆರಣಿಯಂಥ ಬಟ್ಟಲು

ನದಿ ಮಗ್ಗುಲು ಬದಲಿಸಿದ ವರ್ಷ ನಿನ್‌ಹಿಲಿಯ ಊರಿನಲ್ಲಿ ಉಳಿದದ್ದು ಉಪ್ಪುಗಟ್ಟಿದ ನೆಲ ಮಾತ್ರ. ಊರವರು ದಿಕ್ಕಾಪಾಲಾದರು. ಅವಳು ಮುದಿ ತಂದೆ ಉರ್ನಿಗಿನ್‌ನನ್ನು ಕರೆದುಕೊಂಡು ಉರೂಕ್ ಪಟ್ಟಣಕ್ಕೆ ನಡೆದಳು. ಅವನ ಬೆನ್ನ ಮೇಲೆ ಹುಲ್ಲು ಸುತ್ತಿದ ಮೂರು ಮಡಕೆಗಳಿದ್ದವು. ಮೊಟ್ಟೆಯ ಚಿಪ್ಪಿನಷ್ಟು ತೆಳು, ಮೈತುಂಬ ಕಪ್ಪು ಗೆರೆಯ ಕಾಡುಮೇಕೆಗಳು. ಸುತ್ತಲ ಊರುಗಳಲ್ಲಿ ಅವನ ಮಡಕೆ ಬರುವ ತನಕ ಮದುವೆಗಳೇ ಕಾಯುತ್ತಿದ್ದವು.

ಇನಾನ್ನಾ ದೇವಿಯ ಗುಡಿಯ ಹಿಂದೆ ಮಡಕೆ ಮಾಡುವ ಅಂಗಳ. ಅಲ್ಲಿಯ ಮೇಸ್ತ್ರಿ ಲುಗಿದ್ ಒಂದು ಮಡಕೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಚೆನ್ನಾಗಿದೆ ತಾತ. ಇಂಥದು ಒಂದು ಮಾಡೋಕೆ ಎಷ್ಟು ದಿನ?"

"ನಾಲ್ಕು. ಮೋಡ ಇದ್ರೆ ಐದು."

ಅಂಗಳವೆಲ್ಲ ಗೊಳ್ಳೆಂದಿತು.

"ಮಧ್ಯಾಹ್ನ ಗುಡಿ ಗೋಡೆ ಕಟ್ಟೋರೆಲ್ಲ ಅಂಬಲಿಗೆ ಕೂರ್ತಾರೆ. ನಿನ್ನ ಮೇಕೆ ಒಣಗೋವರೆಗೂ ಬೊಗಸೆ ಒಡ್ಕೊಂಡು ಕೂತಿರ್ಬೇಕಾ?"

ಲುಗಿದ್ ಹೊಟ್ಟು ಕಲಸಿದ ಮಣ್ಣಿನ ಮುದ್ದೆಯೊಂದನ್ನು ಅಚ್ಚಿಗೆ ಎಸೆದು, ಮುಷ್ಟಿಯಿಂದ ಒತ್ತಿ, ಅಂಚನ್ನು ಹೆಬ್ಬೆರಳಿನಿಂದ ಸವರಿದ. ಬಟ್ಟಲಾಯಿತು. ಜವೆಗೋಧಿಯ ಅಂಬಲಿ ಕುಡಿದವರು ಅದನ್ನು ಅಲ್ಲೇ ಬಿಸಾಡುತ್ತಿದ್ದರು.

ನಿನ್‌ಹಿಲಿ ಅವತ್ತೇ ಅಚ್ಚಿನ ಮುಂದೆ ಕೂತಳು. ತಂದೆ ಕೂರಲಿಲ್ಲ.

"ಇದು ಬಟ್ಟಲಲ್ಲ ಮಗಳೇ, ಬೆರಣಿ. ಬೆರಣಿ ತಟ್ಟೋಕೆ ನನ್ನ ಕೈ ಬರಲ್ಲ."

ಅವನು ಮಡಕೆ ಹರಡಿಕೊಂಡು ಊರಬಾಗಿಲಲ್ಲಿ ಕೂತ. ಹೋಗುವವರು ನಿಂತು ಹೊಗಳಿ ಮುಂದೆ ನಡೆದರು. ಗುಡಿಯಲ್ಲಿ ಬಟ್ಟಲು ಪುಕ್ಕಟೆ ಸಿಗುವಾಗ ಮಡಕೆಗೆ ಮೀನೋ ಉಣ್ಣೆಯೋ ಕೊಡುವ ದಡ್ಡರು ಯಾರು? ಮಗಳ ಪಾಲಿನ ಅಂಬಲಿಯಲ್ಲಿ ಅರ್ಧ ಕುಡಿದು ಮುದುಕ ಇಡೀ ಚಳಿಗಾಲ ಕಳೆದ. ಒಂದು ದಿನ ಅವಳು ಹಸಿವಿಗೆ ತಲೆ ತಿರುಗಿ, ಮಡಕೆ ಸುಡುವ ಆವಿಗೆಯ ಮೇಲೆ ಬಿದ್ದು ಮುಂಗೈ ಸುಟ್ಟುಕೊಂಡಳು.

"ಅಪ್ಪಾ, ನಿನ್ನ ಮರ್ಯಾದೆ ನನ್ನ ಹೊಟ್ಟೆ ತಿಂತಿದೆ," ಅಂದುಬಿಟ್ಟಳು.

ಅವನು ಮರುದಿನ ಅಚ್ಚಿನ ಮುಂದೆ ಬಂದು ಕೂತ.

ಅಳುತ್ತಾನೆ ಎಂದುಕೊಂಡಿದ್ದಳು. ಅಳಲಿಲ್ಲ. ಐವತ್ತು ವರ್ಷ ಪಳಗಿದ ಕೈ. ತಿಂಗಳೊಳಗೆ ಅಂಗಳದಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಲುಗಿದ್ ಒಂದು ಗಡಿಗೆ ಹೆಂಡ ಹೆಚ್ಚಿಗೆ ಕೊಟ್ಟ. ಮರುವರ್ಷ ಕೈಗೆ ಜೊಂಡಿನ ಬೆತ್ತ ಕೊಟ್ಟು ಹೆಂಗಸರ ಮೇಲ್ವಿಚಾರಣೆಗೆ ನಿಲ್ಲಿಸಿದ. ನಿನ್‌ಹಿಲಿ ಊರಿನ ಸುದ್ದಿ ತೆಗೆದರೆ ತಂದೆ, "ಕೈ ಆಡಿಸು, ಬಾಯಲ್ಲ," ಅನ್ನುತ್ತಿದ್ದ. ತಾನು ಬೇಡಿದ್ದು ಇದನ್ನೇ ಅಲ್ಲವೇ ಎಂದು ಅವಳು ತುಟಿ ಕಚ್ಚಿಕೊಳ್ಳುತ್ತಿದ್ದಳು.

ಆ ವಸಂತದಲ್ಲಿ ಇನ್ನೊಂದು ಊರು ಖಾಲಿಯಾಗಿ ಬಂತು. ಅದರೊಳಗಿನ ಒಬ್ಬ ಹೆಂಗಸು ಚಿತ್ರದ ಮಡಕೆಯೊಂದನ್ನು ಎದೆಗವಚಿಕೊಂಡಿದ್ದಳು. "ನಮ್ಮವ್ವ ಮಾಡಿದ್ದು. ನನಗೂ ಬರುತ್ತೆ," ಎಂದು ಉರ್ನಿಗಿನ್‌ನ ಕೈಗೆ ಕೊಟ್ಟಳು. ಅವನ ಹೆಬ್ಬೆರಳು ಗೆರೆಯೊಂದರ ಗುಂಟ ಮೆಲ್ಲಗೆ ಹೋಯಿತು.

"ಹಿಲೀ, ಇದನ್ನ ಒಡೆದು ದಾರಿ ಗುಂಡಿಗೆ ಹಾಕು."

"ಇಟ್ಕೊಳ್ಳಲಿ ಬಿಡಪ್ಪಾ. ಅದೇನು ಅಂಬಲಿ ಕೇಳುತ್ತಾ?"

"ಇಟ್ಕೊಂಡ್ರೆ ದಿನಾ ನೋಡ್ತಾಳೆ. ನೋಡ್ತಾ ಕೂತ್ರೆ ಯಾರ ಹೊಟ್ಟೆ ತಿಂತಾಳೆ? ನಿನ್ನದಾ?"

ನಿನ್‌ಹಿಲಿ ಅದನ್ನು ತೆಗೆದುಕೊಂಡು ನೆಲಕ್ಕೆ ಬಡಿದಳು. ಮಡಕೆ ಹಗುರವಾಗಿತ್ತು, ಒಂದೇ ಏಟಿಗೆ ಚೂರಾಯಿತು.

ಆ ಹೆಂಗಸು ಅಳಲಿಲ್ಲ. "ನಿನ್ನಂಥವಳನ್ನೂ ಒಬ್ಬಳು ತಾಯಿ ಹೆತ್ತಳಲ್ಲ!" ಅಂದಳು.

ನಿನ್‌ಹಿಲಿ ಚೂರುಗಳನ್ನು ಗುಂಡಿಗೆ ಸುರಿದು ಬಂದು, ಹಸಿಮಣ್ಣಿನ ಮುದ್ದೆಯನ್ನೂ ಅಚ್ಚನ್ನೂ ಅವಳ ಮುಂದೆ ತಳ್ಳಿದಳು.

"ಮುಷ್ಟಿಯಿಂದ ಒತ್ತು. ಹೆಬ್ಬೆರಳು ಒಳಗಿಟ್ಕೋ, ಇಲ್ದಿದ್ರೆ ಉಗುರು ಕಿತ್ತು ಬರುತ್ತೆ."