ಇವರು

“ಮನೆಯವರು?” ಎಂದು ಬ್ರೋಕರ್ ಅವಳನ್ನಲ್ಲ, ಅವಳ ಹಿಂದಿದ್ದ ಖಾಲಿ ಬೀದಿಯನ್ನು ನೋಡಿ ಕೇಳಿದ.

“ಬರ್ತಾರೆ. ಇವರಿಗೆ ಆಫೀಸಲ್ಲಿ ಸ್ವಲ್ಪ ಕೆಲಸ.”

ಇವತ್ತು ಭಾನುವಾರ ಎಂಬುದು ಹೇಳಿದ ಮೇಲೆ ನೆನಪಾಯಿತು. ಅವನಿಗೂ ನೆನಪಾಗಿರಬೇಕು. ಆದರೆ ಅವನ ಕಸುಬಿನಲ್ಲಿ ಕಿವಿ ಇರುವುದು ಅರ್ಧ ಕೇಳಿಸಿಕೊಳ್ಳುವುದಕ್ಕೆ.

“ನಿಧಾನಕ್ಕೆ ಬರ್ಲಿ ಬಿಡಿ ಮೇಡಂ. ಮನೆ ಎಲ್ಲಿಗೂ ಓಡಿಹೋಗಲ್ಲ. ನೂರು ವರ್ಷದಿಂದ ಓಡಿಲ್ಲ,” ಎಂದು ತಾನೇ ನಕ್ಕು ಮುಂದೆ ನಡೆದ.

ಎಲೆ ಉದುರುವ ಕಾಲ. ಬೀದಿಯ ಎರಡೂ ಬದಿಗೆ ಮುದಿ ಮರಗಳು, ಅವುಗಳ ಹಿಂದೆ ಅಷ್ಟೇ ಮುದಿ ಮನೆಗಳು. ಪ್ರತಿ ಮನೆಯ ನೆತ್ತಿಯಲ್ಲೂ ಕಟ್ಟಿದ ವರ್ಷವನ್ನು ಕಲ್ಲಿನಲ್ಲಿ ಕೆತ್ತಿದ್ದರು. ಕಟ್ಟಿಸಿದವರ ಹೆಸರು ಮಾತ್ರ ಸವೆದುಹೋಗಿತ್ತು. ಒದ್ದೆ ಎಲೆಗಳ ಮೇಲೆ ಕಾಲಿಟ್ಟರೆ ಸದ್ದೇ ಆಗುತ್ತಿರಲಿಲ್ಲ. ತಾನು ನಡೆಯುತ್ತಿದ್ದೇನೆಯೇ ಎಂದು ಅವಳು ಒಂದೆರಡು ಸಲ ಕೆಳಗೆ ನೋಡಿಕೊಂಡಳು.

“ಇಲ್ಲೊಬ್ರು ಜಡ್ಜ್ ಇದ್ರು. ಪಕ್ಕದಲ್ಲಿ ಹಾಡೋ ಹೆಂಗಸು. ಮಧ್ಯೆ ಒಂದೇ ಗೋಡೆ. ಆ ಗೋಡೆಗೆ ಬಾಯಿದ್ದಿದ್ರೆ ನನ್ನ ಕಮಿಷನ್ ಡಬಲ್ ಆಗ್ತಿತ್ತು ಮೇಡಂ.”

ಅವಳು ನಕ್ಕಳು. ನಗಬೇಕಾದ ಜಾಗ ಯಾವುದೆಂದು ಅವಳಿಗೆ ಯಾವಾಗಲೂ ಗೊತ್ತಾಗುತ್ತಿತ್ತು.

ಈ ಮನೆ ಸಿಗಲೇಬೇಕಿತ್ತು. ಬೇಸಿಗೆಯಿಂದ ಅವಳು ತಂಗಿಯ ಮನೆಯಲ್ಲಿ, ತಂಗಿಯ ಮಗಳ ಕೋಣೆಯಲ್ಲಿ, ಚಾವಣಿಗೆ ಅಂಟಿಸಿದ ಕಾಗದದ ನಕ್ಷತ್ರಗಳ ಕೆಳಗೆ ಮಲಗುತ್ತಿದ್ದಳು. ಹುಡುಗಿ ಹಾಲ್‌ನ ಸೋಫಾದಲ್ಲಿ ಮಲಗುತ್ತಿತ್ತು. ಇವತ್ತು ಬೆಳಿಗ್ಗೆ ಬಟ್ಟೆ ಮಡಿಸುತ್ತಾ ತಂಗಿ, “ಅಕ್ಕಾ, ಹೋಗು ಅಂತ ಅಲ್ಲ…” ಎಂದಳು. ‘ಅಲ್ಲ’ ಎಂದು ನಿಲ್ಲುವ ವಾಕ್ಯಗಳಿಗೆಲ್ಲ ‘ಹೌದು’ ಎಂದೇ ಅರ್ಥ. “ಇವತ್ತು ಒಂದು ಮನೆ ನೋಡ್ತಿದೀನಿ,” ಎಂದು ಇವಳು ಹೇಳಿದ್ದಳು. ತಂಗಿ ಮಡಿಸಿದ್ದ ಟವೆಲ್ಲನ್ನೇ ಮತ್ತೆ ಬಿಡಿಸಿ ಮಡಿಸಿದಳು.

ಇದಕ್ಕೆ ಮುಂಚೆ ನೋಡಿದ ಮನೆಗಳೆಲ್ಲ “ಒಬ್ಬರೇನಾ?” ಎಂಬಲ್ಲಿಗೆ ಬಂದು ನಿಂತಿದ್ದವು. ಒಬ್ಬಳೇ ಎಂದ ಕೂಡಲೇ ಅವು ಬೇರೆ ಯಾರಿಗೋ ಆಗಲೇ ಮಾತಾಗಿಬಿಟ್ಟಿರುತ್ತಿದ್ದವು. ಹಾಗಾಗಿ ಈ ಸಲ ಗಂಡನನ್ನು ಜೊತೆಗೆ ತಂದಿದ್ದಳು, ಬಾಯಲ್ಲಿ.

ಗಂಡನ ಜೊತೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಕೆಲಸಕ್ಕೆ ಹತ್ತಿರವೆಂದು ಅವನು ಊರಿನ ಆ ಕಡೆ ಒಂದು ರೂಮು ಮಾಡಿದ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಕೊಡೆ ಮರೆತಿದ್ದೇನೆಂದು ಒಮ್ಮೆ ಬಂದ. ಕೊಡೆ ತೆಗೆದುಕೊಂಡು ಹೋದ ಮೇಲೆ ಬರಲು ಕಾರಣ ಉಳಿಯಲಿಲ್ಲ.

ಬಾಗಿಲು ತೆಗೆದ ಮನೆಯೊಡತಿ ಸ್ವೆಟರಿನ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದರು. ಕೆಳಗೆ ಅವರ ವಾಸ, ಬಾಡಿಗೆಗಿರುವುದು ಮಹಡಿ.

“ಒಬ್ಬರೇ ಬಂದ್ರಾ?”

“ಇವರು ಬರ್ತಾರೆ,” ಎಂದಳು.

“ಮೆಟ್ಟಿಲ ಮೇಲೆ ಸ್ವಲ್ಪ ಮೆತ್ತಗೆ ಬನ್ನಿ. ಇವರಿಗೆ ಸದ್ದಾದ್ರೆ ಆಗಲ್ಲ,” ಎಂದರು ಮನೆಯೊಡತಿ.

ಅವಳು ಸುತ್ತ ನೋಡಿದಳು. ಕಿಟಕಿ ಪಕ್ಕ ಒಂದು ಕುರ್ಚಿ, ಕುರ್ಚಿಯಲ್ಲಿ ತಗ್ಗುಬಿದ್ದ ದಿಂಬು. ಬ್ರೋಕರ್ ಅವಳ ಕಿವಿಯ ಹತ್ತಿರ, “ಯಜಮಾನ್ರು ಹೋಗಿ ಎಷ್ಟೋ ವರ್ಷ ಆಯ್ತು,” ಎಂದು ಪಿಸುಗುಟ್ಟಿದ. ಮೂವರೂ ಮೆತ್ತಗೆ ಹತ್ತಿದರು.

ಎರಡು ಕೋಣೆ. ಸಣ್ಣ ಅಡುಗೆಮನೆ. ಬೀದಿಯ ಕಡೆಗೆ ಉದ್ದನೆಯ ಕಿಟಕಿ. ಮಂಚ ಎಲ್ಲಿ ಹಾಕಬಹುದೆಂದು ಅವಳು ಯೋಚಿಸಿದಳು. ಒಂಟಿ ಮಂಚ ಎಂದು ಮನಸ್ಸು ಹೇಳಿತು, ಬಾಯಿ ಹೇಳಲಿಲ್ಲ.

“ನಿಮ್ಮ ಯಜಮಾನ್ರಿಗೆ ಏನು ಕೆಲಸ?” ಎಂದು ಮನೆಯೊಡತಿ ಕೇಳಿದರು.

“ವಿಮೆ ಕಂಪನಿ.” ನಿಜ. “ಬೇಗ ಏಳ್ತಾರೆ. ಬೆಳಿಗ್ಗೆ ಅವರೇ ಟೀ ಮಾಡ್ಕೋತಾರೆ.” ಇದೂ ಒಂದು ಕಾಲದಲ್ಲಿ ನಿಜವಾಗಿತ್ತು. ಆಮೇಲೆ ಮಾತು ತನ್ನಷ್ಟಕ್ಕೇ ಹರಿಯಿತು. “ಅವರಿಗೆ ಗಿಡ ಅಂದ್ರೆ ಇಷ್ಟ. ಊಟದಲ್ಲಿ ಹಠ ಇಲ್ಲ. ಅವರ ಸದ್ದೇ ಇರಲ್ಲ ಮನೇಲಿ.” ಹೀಗೊಬ್ಬ ಗಂಡ ಇದ್ದಿದ್ದರೆ ಒಳ್ಳೆಯದಿತ್ತು ಎಂದು, ಬೇರೆಯವರ ಗಂಡನ ಬಗ್ಗೆ ಅಂದುಕೊಳ್ಳುವ ಹಾಗೆ, ಅಂದುಕೊಂಡಳು.

ಮನೆಯೊಡತಿ ಒಲೆಯ ಕಟ್ಟೆಯನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನೇ ನೋಡುತ್ತಾ ಹೇಳಿದರು:

“ಬಾಗಿಲಲ್ಲಿ ‘ಇವರು’ ಅಂದ್ರಿ. ಒಲೆ ಹತ್ರ ಬರೋ ಹೊತ್ತಿಗೆ ‘ಅವರು’ ಆಗೋದ್ರು. ಇಷ್ಟು ಚಿಕ್ಕ ಮನೇಲಿ ಅಷ್ಟು ದೂರ ಹೆಂಗೆ ಹೋದ್ರಮ್ಮಾ?”

ಬ್ರೋಕರ್ ನಲ್ಲಿ ತಿರುಗಿಸಿದ. “ಪ್ರೆಷರ್ ನೋಡಿ ಮೇಡಂ, ಎಂಥ ಪ್ರೆಷರ್!”

ನೀರು ಸುರಿಯಿತು. ಯಾರೂ ನೋಡಲಿಲ್ಲ. ಅವಳು ವಾಷಿಂಗ್ ಮಷಿನ್, ಮಿಕ್ಸಿಗಳ ಜೊತೆ ಬರುವ ಬಳಕೆಯ ಪುಸ್ತಿಕೆಗಳನ್ನು ಅನುವಾದಿಸುವವಳು. ಅಲ್ಲಿ ‘ಇವರು’ ಇಲ್ಲ, ‘ಅವರು’ ಇಲ್ಲ. ಮುಚ್ಚಳ ತೆರೆಯಬಾರದು, ಒದ್ದೆ ಕೈಯಿಂದ ಮುಟ್ಟಬಾರದು. ಇಷ್ಟು ವರ್ಷ ಪದಗಳನ್ನು ತೂಗಿ ತೂಗಿ ಇಟ್ಟವಳು, ಬಾಗಿಲಿನಿಂದ ಒಲೆಯವರೆಗಿನ ದಾರಿಯಲ್ಲಿ ಒಂದು ಅಕ್ಷರವನ್ನು ಬೀಳಿಸಿಬಿಟ್ಟಿದ್ದಳು. ನಾಚಿಕೆಯಾಗಬೇಕಿತ್ತು. ಆಗುತ್ತದೆಯೇನೋ ಎಂದು ಸ್ವಲ್ಪ ಕಾದಳು.

“ನಂಗೆ ವಿಚಾರಣೆ ಬೇಡ,” ಎಂದರು ಮನೆಯೊಡತಿ. “ಸಂಸಾರಸ್ಥರಿಗೇ ಕೊಡು ಅಂತ ಮಗ ಕಟ್ಟಪ್ಪಣೆ ಮಾಡಿದಾನೆ. ಐದು ಗಂಟೆಗೆ ಇನ್ನೊಂದು ಜೋಡಿ ಬರುತ್ತೆ. ಅಷ್ಟರೊಳಗೆ ಒಂದ್ಸಲ ಕರ್ಕೊಂಡ್ ಬನ್ನಿ. ಬಾಗಿಲಲ್ಲಿ ನಿಂತು ಹೋದ್ರೂ ಸಾಕು. ನಾನು ನೋಡ್ದೆ ಅಂತ ಹೇಳೋಕಾಗ್ಬೇಕು, ಅಷ್ಟೇ.”

ಬೀದಿಗೆ ಬಂದು ಫೋನ್ ಮಾಡಿದಳು.

“ಹೇಳಿ,” ಎಂದ ಗಂಡ. ಹೆಸರು ನೋಡದೆ ಎತ್ತಿರಬೇಕು. ಆಮೇಲೆ ತಿದ್ದಿಕೊಂಡ, “ಹೇಳು.”

“ಒಂದು ಹತ್ತು ನಿಮಿಷ ಬೇಕಿತ್ತು ನಿಮ್ಮದು. ಒಂದು ಮನೆ ಸಿಕ್ಕಿದೆ. ಫ್ಯಾಮಿಲಿಗೆ ಮಾತ್ರ ಕೊಡ್ತಾರಂತೆ.”

“ಓ.” ಅವನ ಹಿಂದೆ ಟೀವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. “ನಾನೇನು ಮಾತಾಡ್ಬೇಕು?”

“ಏನೂ ಬೇಡ. ಬಂದು ನಿಂತ್ರೆ ಸಾಕು.”

“ಅಷ್ಟೇ ತಾನೇ,” ಎಂದ. ದನಿ ಹಗುರಾಯಿತು. “ಬರ್ತೀನಿ. ಶೇವ್ ಮಾಡ್ಕೊಂಡ್ ಬರ್ಲಾ?”

“ಮಾಡ್ಕೊಳ್ಳಿ.”

ಒಲ್ಲೆ ಎನ್ನುತ್ತಾನೆಂದು ಹೆದರಿದ್ದಳು. ಫೋನ್ ಇಟ್ಟ ಮೇಲೆ, ಒಲ್ಲೆ ಎಂದಿದ್ದರೆ ವಾಸಿಯಿತ್ತು ಎನಿಸಿತು. ಒಲ್ಲೆ ಎನ್ನುವುದಕ್ಕಾದರೂ ಒಳಗೆ ಯಾರಾದರೂ ಇರಬೇಕು.

ಬೀದಿಯ ತಿರುವಿನಲ್ಲಿ ಸಿಗುವುದೆಂದು ಮಾತಾಗಿತ್ತು. ಅವಳು ಅಲ್ಲಿಗೆ ನಡೆದಳು. ತಿರುವಿನಲ್ಲಿದ್ದದ್ದು ಆ ಬಡಾವಣೆಗೇ ಕಳಶವಿಟ್ಟಂಥ ಮನೆ. ಅಗಲವಾದ ಕಲ್ಲಿನ ಮೆಟ್ಟಿಲು, ಹೊಸ ಬಣ್ಣದ ಬಾಗಿಲು, ಹೊಳೆಯುವ ಹಿತ್ತಾಳೆಯ ಕರೆಗಂಟೆಯ ಗುಂಡಿ, ಮೇಲೆ ಸಾಲಾಗಿ ಕಿಟಕಿಗಳು. ಅದರ ಎದುರು ನಿಂತು ಕಾಯುವುದು ಸುಲಭವಾಗಿತ್ತು. ನೋಡುವವರಿಗೆ, ಮನೆ ನೋಡುತ್ತಿದ್ದಾಳೆ ಎನಿಸುತ್ತದೆ.

ಮಹಡಿಯ ಕಿಟಕಿಯ ಗಾಜಿನ ಹಿಂದೆ ಒಂದು ಹಳದಿ ಎಲೆ ಬಿತ್ತು.

ಗಾಜಿನ ಈಚೆಗಲ್ಲ, ಆಚೆಗೆ. ಕೋಣೆಯೊಳಗೆ. ನಿಧಾನವಾಗಿ ಹೊರಳುತ್ತಾ ಕಿಟಕಿಯ ಮೇಲಂಚಿನಿಂದ ಕೆಳಂಚಿಗೆ ಇಳಿದು ಮಾಯವಾಯಿತು. ಅದರ ಹಿಂದೆಯೇ ಇನ್ನೊಂದು.

ಅವಳು ಪಕ್ಕಕ್ಕೆ ಸರಿದು ಇಣುಕಿದಳು. ಗೋಡೆಯ ಹಿಂದೆ ಮನೆ ಇರಲಿಲ್ಲ. ಉದ್ದುದ್ದ ಕಬ್ಬಿಣದ ಊರುಗೋಲುಗಳು ಗೋಡೆಯನ್ನು ಹಿಂದಿನಿಂದ ಹಿಡಿದು ನಿಂತಿದ್ದವು. ಅವುಗಳ ನಡುವೆ ದೊಡ್ಡ ಗುಂಡಿ, ಗುಂಡಿಯಲ್ಲಿ ನೀರು, ನೀರಿನಲ್ಲಿ ಆಕಾಶ. ಬೇಲಿಗೆ ನಗರಸಭೆಯ ಫಲಕ ತಗುಲಿಸಿದ್ದರು: ಹಳೆಯ ಕಾಲದ ಮನೆಯಾದ್ದರಿಂದ ಮುಂಭಾಗವನ್ನು ಕೆಡವತಕ್ಕದ್ದಲ್ಲ.

ಅವಳು ಮತ್ತೆ ಮುಂದಕ್ಕೆ ಬಂದು ನಿಂತಳು. ಇಲ್ಲಿಂದ ಮನೆ ಮನೆಯಾಗಿಯೇ ಇತ್ತು.

ಗಂಡ ಬಂದ. ಗಲ್ಲದಲ್ಲಿ ಬ್ಲೇಡ್ ತಾಗಿ ಚುಕ್ಕೆಯಷ್ಟು ರಕ್ತ. ಇಸ್ತ್ರಿ ಮಾಡಿದ ಶರ್ಟು.

“ತಡ ಆಯ್ತಾ?”

“ಇಲ್ಲ.”

ಅವನು ತಲೆಯೆತ್ತಿ ನೋಡಿದ. “ಇದೇನಾ? ಚೆನ್ನಾಗಿದೆ. ಮಹಡಿಗೆ ಬಿಸಿಲು ಚೆನ್ನಾಗಿ ಬೀಳುತ್ತೆ ಅನ್ಸುತ್ತೆ.”

ಬೀದಿಯ ಆ ತುದಿಯಲ್ಲಿ ಬ್ರೋಕರ್ ಐದು ಗಂಟೆಯ ಜೋಡಿಯನ್ನು ಕರೆದುಕೊಂಡು, ಕೈಯಾಡಿಸಿ ಏನೋ ಹೇಳಿ ನಗಿಸುತ್ತಾ, ಮನೆಯೊಡತಿಯ ಗೇಟು ತೆಗೆಯುತ್ತಿದ್ದ. ಇದಲ್ಲ, ಅದು; ಬೇಗ ಬನ್ನಿ. ಅಷ್ಟೇ ಹೇಳಬೇಕಾಗಿದ್ದದ್ದು. ಪದಗಳು ಬಾಯಲ್ಲಿ ಸಿದ್ಧವಾಗಿಯೇ ಇದ್ದವು.

ಗಂಡ ಆಗಲೇ ಮೆಟ್ಟಿಲು ಹತ್ತಿದ್ದ. ಕೊನೆಯ ಮೆಟ್ಟಿಲಿಗೆ ಚಪ್ಪಲಿಯ ಅಡಿಯನ್ನು ಉಜ್ಜಿ ಅಂಟಿದ್ದ ಎಲೆ ತೆಗೆದ. ಕಾಲರ್ ಸರಿಮಾಡಿಕೊಂಡು ಕರೆಗಂಟೆಯ ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ.

“ಇದಾರೆ ತಾನೇ?” ಎಂದು ತಿರುಗಿ ಕೇಳಿದ.

“ಇದಾರೆ.”

ಅವಳೂ ಹತ್ತಿ ಹೋಗಿ ಅವನ ಪಕ್ಕದಲ್ಲಿ, ಫೋಟೋಗೆ ನಿಲ್ಲುವಷ್ಟು ಹತ್ತಿರ, ನಿಂತಳು. ಅವನು ಮುಖದಲ್ಲಿ ಒಂದು ನಗುವನ್ನು ತಂದು ಇಟ್ಟುಕೊಂಡ. ಅವಳೂ ಇಟ್ಟುಕೊಂಡಳು. ಅವನು ಇನ್ನೊಮ್ಮೆ ಗುಂಡಿ ಒತ್ತಿ, ಬೆರಳು ತೆಗೆಯದೆ ಹಿಡಿದ. ಇಬ್ಬರೂ ಬಾಗಿಲನ್ನೇ ನೋಡುತ್ತಾ ನಿಂತರು. ಅವರ ತಲೆಯ ಮೇಲೆ, ಗಾಜಿನ ಆಚೆಗೆ, ಎಲೆಗಳು ಕೋಣೆಯೊಳಗೆ ಒಂದೇ ಸಮ ಉದುರುತ್ತಿದ್ದವು.