ಮರದ್ದು ಮರಕ್ಕೇ

ಬಾವಿ ಪಕ್ಕದ ಮಾವಿನ ಮರಕ್ಕೆ ಮರಣದಂಡನೆ ಆಗಿತ್ತು. ತೋಟದ ಯಜಮಾನ ಜಗಲಿಯಲ್ಲಿ ಕೂತು ಕೊಡಲಿ ಮಸೆಯುತ್ತಿದ್ದ. ಅವನ ಹೆಂಡತಿ ಹಣ್ಣೊಂದನ್ನು ಹೆಚ್ಚಿದಳು. ಹೊರಗೆ ಬಂಗಾರದ ಬಣ್ಣ, ಒಳಗೆ ಬಿಳಿ ಹುಳಗಳ ಕುಣಿತ.

“ವರ್ಷ ವರ್ಷವೂ ಇದೇ ಗೋಳು. ಇದರ ಹುಳ ಇಡೀ ತೋಟಕ್ಕೆ ಹಬ್ಬುತ್ತೆ. ಇವತ್ತು ಕಡಿದೇ ಕಡೀತೀನಿ.”

“ನಾನು ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು ರೀ ಅದು!”

ಗಂಡ ಇನ್ನೂ ಜೋರಾಗಿ ಮಸೆದ. ಅವಳು ಬೇಲಿಯಾಚೆ ಮಾವಿನ ತೋಟ ಮಾಡಿಕೊಂಡಿದ್ದ ತಮ್ಮನನ್ನು ಕೂಗಿದಳು. ಅವನು ಬೇಲಿ ಹಾರಿಯೇ ಬಂದ.

“ನಿಲ್ಲಿಸಿ ಭಾವ! ಆ ಮರ ಬೀಳೋಕ್ ಮುಂಚೆ ಇಲ್ಲಿ ನನ್ನ ಹೆಣ ಬೀಳ್ಬೇಕು!”

“ಶುರುವಾಯ್ತಪ್ಪ ಪಿಕ್ಚರ್,” ಅಂದ ಯಜಮಾನ.

“ಡೈಲಾಗ್ ಬಿಡಿ. ಉದುರಿದ ಹಣ್ಣನ್ನ ಏನ್ ಮಾಡ್ತೀರಾ?”

“ಬಿಸಾಡೋಕೆ ನಾನೇನು ನಿನ್ನ ಥರ ದುಂದುಗಾರನಾ? ಬುಡಕ್ಕೇ ಸುರೀತೀನಿ, ಗೊಬ್ಬರ ಆಗುತ್ತೆ. ಮರದ್ದು ಮರಕ್ಕೇ!”

ಭಾಮೈದ ಮರದ ಬುಡದ ಕೊಳೆತ ರಾಶಿಯನ್ನು ಸರಿಸಿ, ಒಂದು ಹಿಡಿ ಮಣ್ಣು ಎತ್ತಿದ. ಅದರಲ್ಲಿ ಗೋಧಿಯಂಥ ಕಂದು ಕಾಳುಗಳು.

“ಇದ್ಯಾವ ಕಾಳೋ?”

“ಕಾಳಲ್ಲ ಭಾವ, ಖಳ! ಹಣ್ಣುನೊಣ ಬಲಿತ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತೆ. ಹುಳ ಒಳಗೇ ತಿಂದು ಕೊಬ್ಬುತ್ತೆ. ಹಣ್ಣು ಉದುರಿದ್ಮೇಲೆ ಮಣ್ಣಿಗಿಳಿದು ಹಿಂಗೆ ಮಲಗುತ್ತೆ, ನೊಣವಾಗಿ ಏಳುತ್ತೆ. ನೀವು ವಿಲನ್‌ಗೆ ಊಟ ಹಾಕಿ, ಹಾಸಿಗೆ ಹಾಸಿ, ಶಿಕ್ಷೆ ಮಾತ್ರ ಮರಕ್ಕೆ ಕೊಡ್ತಿದ್ದೀರಾ!”

ಯಜಮಾನ ಮುಖ ಸಿಂಡರಿಸಿದ. “ಹಂಗಾದ್ರೆ ಔಷಧಿ ಹೊಡೀತೀನಿ, ಡಬಲ್!”

“ಹುಳ ಹಣ್ಣೊಳಗೆ ಬಾಗಿಲು ಹಾಕ್ಕೊಂಡು ಕೂತಿದೆ. ಹಣ್ಣಾಗೋ ಹೊತ್ತಿಗೆ ಹೊಡೆದ ಔಷಧಿ ತಿನ್ನೋರ ಹೊಟ್ಟೆಗೆ ಹೋಗುತ್ತೆ. ದಿನಾ ಉದುರಿದ್ದನ್ನ ಆರಿಸಿ, ಮೊಣಕಾಲುದ್ದ ಗುಂಡಿ ತೋಡಿ ಮುಚ್ಚಿ. ಬುಡದ ಮಣ್ಣು ಕೆದಕಿ, ಮಲಗಿದ್ದು ಬಿಸಿಲಿಗೆ ಒಣಗಲಿ. ಮುಂದಿನ ಫಸಲಿಗೆ, ಕಾಯಿ ಬಲಿಯೋಕ್ ಮುಂಚೇನೇ ಮೋಹಕ ಬಲೆ ಕಟ್ಟಿ.”

“ಮೋಹಕ ಬಲೆ? ಇದೂ ಯಾವುದೋ ಸಿನಿಮಾನೇನೋ?”

“ಡಬ್ಬಿ ಭಾವ, ಮರಕ್ಕೆ ನೇತು ಹಾಕೋದು. ಒಳಗಿಟ್ಟ ಮದ್ದಿನ ವಾಸನೆಗೆ ಮರುಳಾಗಿ ಗಂಡು ನೊಣ ಬಂದು ಬಿದ್ದು ಸಾಯುತ್ತೆ. ಮದುಮಗನೇ ಇಲ್ದಿದ್ರೆ ಸಂಸಾರ ಎಲ್ಲಿಂದ?”

“ಗಂಡು ಜಾತಿ ಎಲ್ಲಾ ಕಡೆ ಒಂದೇ,” ಅಂದಳು ಹೆಂಡತಿ.

“ನನ್ನ ತೋಟದಲ್ಲೂ ಕಟ್ತೀನಿ ಭಾವ. ಒಬ್ಬರೇ ಮಾಡಿದ್ರೆ ಸಾಲಲ್ಲ. ನೊಣ ಬೇಲಿ ನೋಡಲ್ಲ.”

“ಹೂಂ, ನಿನ್ನ ಥರಾನೇ.” ಯಜಮಾನ ಕೊಡಲಿಯನ್ನು ಗೋಡೆಗೆ ಒರಗಿಸಿದ. “ಮುಂದಿನ ಹಣ್ಣಿನ ಕಾಲದವರೆಗೆ ಟೈಮ್. ಆಮೇಲೆ ನೋಡ್ಕೋತೀನಿ.”

ಮುಂದಿನ ಹಣ್ಣಿನ ಕಾಲ ಬಂತು. ಎರಡೂ ತೋಟಗಳಲ್ಲಿ ಡಬ್ಬಿಗಳು ತೂಗಾಡುತ್ತಿದ್ದವು. ಹೆಂಡತಿ ಬಾವಿ ಪಕ್ಕದ ಮರದ ಹಣ್ಣು ಹೆಚ್ಚಿದಳು. ಯಜಮಾನ ಕನ್ನಡಕ ಏರಿಸಿ ಹೋಳು ಹೋಳೂ ನೋಡಿದ. ಹುಳ ಇರಲಿಲ್ಲ. ಇನ್ನೊಂದರಲ್ಲೂ ಇಲ್ಲ. ಬುಟ್ಟಿಯ ತಳದ ಒಂದರಲ್ಲಿ ಮಾತ್ರ ಸಿಕ್ಕಿತು. ಅವನು ಅದನ್ನು ಎತ್ತಿಕೊಂಡು ನೇರ ಗುಂಡಿಯತ್ತ ನಡೆದ.

“ಭಾವ, ಮರದ್ದು ಮರಕ್ಕೇ ಅಲ್ವಾ?” ಬೇಲಿಯಾಚೆಯಿಂದ ಕೂಗು ಬಂತು.

“ಮರದ್ದು ಮರಕ್ಕೆ, ಹುಳದ್ದು ಗುಂಡಿಗೆ! ಡೈಲಾಗ್ ನಮಗೂ ಬರುತ್ತೆ ಕಣೋ!”

ನಿಮ್ಮ ಮಾವಿನ ಮರದ ಕೆಳಗೂ ಹಣ್ಣು ಉದುರಿದೆಯೇ? ಇವತ್ತೇ ಆರಿಸಿ, ಆಳವಾಗಿ ಹೂಳಿ. ಕಾಯಿ ಬಲಿಯುವ ಮುಂಚೆ ಮೋಹಕ ಬಲೆ ಕಟ್ಟಿ. ಪಕ್ಕದ ತೋಟದವರನ್ನೂ ಜೊತೆಗೆ ಕರೆಯಿರಿ. ತಪ್ಪು ಮರದ್ದಲ್ಲ. ಕೊಡಲಿ ಕೆಳಗಿಡಿ, ಬುಟ್ಟಿ ಕೈಗೆತ್ತಿಕೊಳ್ಳಿ!