ಹಿಂದಕ್ಕೆ ಓಡಿ ಪಾಸಾದ ಹಡಗು

ನಮ್ಮ ಸೋದರಮಾವ ನೌಕಾಪಡೇಲಿ ಇಂಜಿನಿಯರ್ ಆಫೀಸರ್ ಆಗಿದ್ರು. ಅಂದ್ರೆ ಭುಜದ ಮೇಲೆ ಬಂಗಾರದ ಪಟ್ಟಿ, ಉಗುರು ಸಂದೀಲಿ ಗ್ರೀಸು. ಮನೇಲಿ ಎಲ್ರೂ ಕರೀತಿದ್ದದ್ದು ಸ್ಪ್ಯಾನರ್ ಮಾವ ಅಂತ. ಅವರ ಮದುವೆ ಫೋಟೋದಲ್ಲೂ ಕೋಟಿನ ಜೇಬಿಂದ ಸ್ಪ್ಯಾನರ್ ಇಣುಕ್ತಾ ಇದೆ. ಅದು ಪೆನ್ನು ಅಂತ ಅತ್ತೆ ಇವತ್ತಿಗೂ ವಾದ ಮಾಡ್ತಾರೆ.

ಇಪ್ಪತ್ತೊಂದನೇ ವಯಸ್ಸಿಗೆ ಸೇರಿದ್ದು. ಮೊದಲ ವಾರ ಮಾಡ್ಕೊಂಡ ವಾಂತಿಗೆ ಹಡಗು ಹಗುರಾಗಿ ನೀರಿಂದ ಎರಡು ಇಂಚು ಮೇಲೆದ್ದಿತ್ತಂತೆ. ನಾನಿದನ್ನ ನಂಬಲ್ಲ. ಒಂದು ಇಂಚು ಇರಬಹುದು. ಆಮೇಲೆ ಹದಿನೆಂಟು ವರ್ಷದಲ್ಲಿ ಐದು ಹಡಗು ನೋಡಿದ್ರು. ಸ್ಪ್ಯಾನರಿನ ಒಂದು ತುದಿ ಇಂಜಿನ್ ಮೇಲೆ, ಇನ್ನೊಂದು ತುದಿ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳೋರು. "ಮೂರನೇ ಬೇರಿಂಗಿಗೆ ನೆಗಡಿ ಆಗಿದೆ" ಅಂದ್ರೆ ಬಿಚ್ಚಿ ನೋಡೋ ಮುಂಚೇನೇ ಹೊಸ ಬೇರಿಂಗ್ ತರಿಸಬಹುದಿತ್ತು.

ಐದನೇ ಹಡಗಿಗೆ ಎಲ್ರೂ ಇಟ್ಟಿದ್ದ ಹೆಸರು ಅಜ್ಜಿ. ಅಷ್ಟು ಹಳೇದು. ಒಂದು ವರ್ಷ, ಮೇಲಿನ ಕಚೇರಿಯಿಂದ ಪತ್ರ ಬಂತು. ತಪಾಸಣೆ ಸಾಹೇಬರು ಬರ್ತಾರೆ, ಹಡಗು ಒಂದು ಗಂಟೆ ಎಲ್ಲೂ ನಿಲ್ಲದೆ ಪೂರ್ತಿ ವೇಗದಲ್ಲಿ ಓಡಬೇಕು. ಓಡಿದ್ರೆ ಇನ್ನೂ ಮೂರು ವರ್ಷ ಆಯಸ್ಸು. ಇಲ್ಲಾಂದ್ರೆ ಅಜ್ಜಿ ಗುಜರಿಗೆ, ಮಾವ ಮುಖ್ಯ ಕಚೇರಿಯ ಲಕೋಟೆ ವಿಭಾಗಕ್ಕೆ. ನಾಲ್ಕನೇ ಮಹಡಿ, ಕಿಟಕಿ ಇಲ್ಲದ ರೂಮು. ವರ್ಗಾವಣೆ ಆದೇಶ ಟೈಪ್ ಆಗಿ, ತಾರೀಕಿನ ಜಾಗ ಮಾತ್ರ ಖಾಲಿ ಇತ್ತು. ಬಿರುಗಾಳಿಗೆ ಹೆದರದ ಮಾವ ಆ ಖಾಲಿ ಜಾಗಕ್ಕೆ ಹೆದರಿ ಮೂರು ಕೆಜಿ ಇಳಿದ್ರು.

ಅಜ್ಜಿಗಿದ್ದ ಕಾಯಿಲೆ ಒಂದೇ. ಇಂಜಿನ್ನಿಗೂ ಹಿಂದೆ ನೀರು ತಳ್ಳೋ ಫ್ಯಾನಿಗೂ ನಡುವೆ ಗೇರ್‌ಬಾಕ್ಸ್, ಅದರಲ್ಲಿ ಎರಡು ಕ್ಲಚ್ಚು: ಮುಂದಕ್ಕೆ ಹೋಗೋಕೆ ಒಂದು, ಹಿಂದಕ್ಕೆ ಬರೋಕೆ ಒಂದು. ಮುಂದಿನದು ಸವೆದು ಹೋಗಿತ್ತು. ಉಗ್ರಾಣದಲ್ಲಿ ಕಾಡಿ ಬೇಡಿ ಒಂದೇ ಒಂದು ಸೆಟ್ ಹೊಸ ಕ್ಲಚ್ ಪ್ಲೇಟು ತಂದ ಮಾವ, ಬೇರೆಯವರ ಕೈಗೆ ಕೊಡೋ ಧೈರ್ಯ ಸಾಲದೆ ತಾವೇ ಗೇರ್‌ಬಾಕ್ಸ್ ಕೆಳಗೆ ಮಲಗಿ ಕೂರಿಸಿದ್ರು. ಬೋಲ್ಟುಗಳನ್ನೂ ಎಣ್ಣೆ ಹಚ್ಚಿ, ಮಗೂಗೆ ಸ್ನಾನ ಮಾಡಿಸಿದ ಹಾಗೆ ಒರೆಸಿ ಬಿಗಿದ್ರು.

ಮುಂದಿನದ್ದನ್ನ ನಾನು ಕಣ್ಣಾರೆ ಕಂಡಿಲ್ಲ. ಹಡಗಲ್ಲಿದ್ದ ಮೂರು ಜನ ಮೂರು ತರ ಹೇಳಿದ್ರು, ನಾನು ಮೂರನ್ನೂ ನಂಬಿದೀನಿ.

ಬೆಳಿಗ್ಗೆ ಹತ್ತಕ್ಕೆ ಅಜ್ಜಿ ಬಂದರಿಂದ ಆಚೆ ಬಂತು. ಕ್ಯಾಪ್ಟನ್ ಪೂರ್ತಿ ವೇಗ ಕೇಳಿದ್ರು. ಕೆಳಗೆ ಇಂಜಿನ್ ಭೋರ್ ಅಂತು, ಹಡಗು ಮಾತ್ರ ಊಟ ಆದ ಮೇಲೆ ವಾಕಿಂಗ್ ಹೊರಟವರ ಹಾಗೆ ಮೆಲ್ಲಗೆ ಹೋಗ್ತಿತ್ತು. ಕ್ಲಚ್ಚು ಜಾರ್ತಿದೆ. ಮಾವ ಸ್ಪ್ಯಾನರ್ ಇಟ್ಟು ಕೇಳಿದ್ರು. ಮುಖ ಸುಣ್ಣ ಆಯ್ತು. ನಕ್ಷೆ ತೆಗೆದು ನೋಡಿದ್ರು. ನಕ್ಷೆ ಬರೆದೋನು ಹಡಗಿನ ಮೂತಿ ಕಡೆ ಮುಖ ಮಾಡಿ ಬರೆದಿದ್ದ. ಮಾವ ಮಲಗಿದ್ದದ್ದು ಮೂತಿ ಕಡೆ ತಲೆ ಹಾಕಿ, ಆದ್ರೆ ಅಂಗಾತ. ಎಡ ಬಲ ಆಗಿ, ಹೊಸ ಪ್ಲೇಟೆಲ್ಲ ಹಿಂದಕ್ಕೆ ಹೋಗೋ ಕ್ಲಚ್ಚಿಗೆ ಕೂತಿತ್ತು.

ಫೋನಲ್ಲಿ ಕ್ಯಾಪ್ಟನ್: "ಏನ್ರೀ ಇಂಜಿನಿಯರೇ, ಸಾಹೇಬರು ಗಡಿಯಾರ ನೋಡ್ತಿದಾರೆ."

"ಸರ್, ಅಜ್ಜಿಗೆ ಯೌವನ ಬಂದಿದೆ. ಬೆನ್ನ ಕಡೆಯಿಂದ ಬಂದಿದೆ."

"ಬಿಡಿಸಿ ಹೇಳ್ರೀ."

"ಮುಂದಕ್ಕೆ ಅರ್ಧ ವೇಗ. ಹಿಂದಕ್ಕೆ ಎಷ್ಟು ಬೇಕಾದ್ರೂ. ತಪಾಸಣೆ ಫಾರಂ ಓದಿ ನೋಡಿದೆ ಸರ್. ಒಂದು ಗಂಟೆ, ಪೂರ್ತಿ ವೇಗ, ನಿಲ್ಲಬಾರದು ಅಂತಿದೆ. ಯಾವ ಕಡೆಗೆ ಅಂತ ಇಲ್ಲ."

ಕ್ಯಾಪ್ಟನ್ ಸಾಹೇಬರ ಕೈಲಿದ್ದ ಫಾರಂ ಕಡೆ ಕಣ್ಣು ಹಾಯಿಸಿದ್ರು. ಅವರೂ ಲಕೋಟೆ ವಿಭಾಗದ ಪಟ್ಟಿಯಲ್ಲಿದ್ರು. ಆಮೇಲೆ ಕುರ್ಚಿ ತಿರುಗಿಸಿಕೊಂಡು, "ಸರಿ, ಹಿಂದಕ್ಕೆ" ಅಂದ್ರು.

ಅಜ್ಜಿ ಹಿಂದೆ ಮುಂದೆ ನೋಡದೆ ಹಿಂದಕ್ಕೆ ಹಾರ್ತು. ಚಪ್ಪಟೆ ಬಾಲಕ್ಕೆ ಅಲೆ ಬಡಿದು ನೀರು ಮೂರು ಆಳು ಎತ್ತರ ಎದ್ದು, ಅಡುಗೆಯವ ಹಡಗಿನ ಹಿಂಭಾಗದಲ್ಲಿ ಕೂತು ಸುಲೀತಿದ್ದ ಆಲೂಗಡ್ಡೆ ಎಲ್ಲಾ ತಾನಾಗೇ ತೊಳೆದುಹೋಯ್ತು. ಚುಕ್ಕಾಣಿ ಹಿಡಿದೋನು ಕತ್ತು ತಿರುಗಿಸಿದೋನು ಎರಡು ದಿನ ಹಾಗೇ ಓಡಾಡಿದ. ಎಂಜಲಿಗೆ ಅಂತ ಹಡಗಿನ ಹಿಂದೆ ಬರೋ ಹಕ್ಕಿಗಳಿಗೆ ಹಡಗೇ ಎದುರಿಗೆ ನುಗ್ಗಿ ಬಂದು ದಿಕ್ಕು ತಪ್ಪಿತು. ಅವೂ ಹಿಂದಕ್ಕೆ ಹಾರಿದ್ವು ಅಂತ ನಾನು ಹೇಳಲ್ಲ, ಸುಳ್ಳು ನನಗಾಗಲ್ಲ. ಎರಡು ಹಾರಿದ್ವು, ಅಷ್ಟೇ.

ದಾರೀಲಿ ಒಬ್ಬ ಮೀನುಗಾರ ದೋಣಿ ಮೇಲೆ ನಿಂತು ಕೇಳಿದ, "ಏನಣ್ಣಾ, ಮನೇಲಿ ಏನಾದ್ರೂ ಮರೆತು ಬಂದ್ರಾ?"

ಒಂದು ಗಂಟೆ ಆಯ್ತು. ವೇಗ ಅಜ್ಜೀನ ಕಟ್ಟಿದ ದಿನಕ್ಕಿಂತ ಜಾಸ್ತಿ. ತಪಾಸಣೆ ಸಾಹೇಬರು ಒದ್ದೆ ಟೋಪಿಯಲ್ಲೇ ಫಾರಂ ತುಂಬಿದ್ರು. ಎಣ್ಣೆ ಒತ್ತಡ, ಸರಿ. ಶಾಖ, ಸರಿ. ನಿಂತದ್ದು, ಇಲ್ಲ. ಸಹಿ ಹಾಕೋ ಜಾಗಕ್ಕೆ ಬಂದು ಪೆನ್ನು ನಿಲ್ಲಿಸಿ ಮಾವನ್ನ ಮೇಲಕ್ಕೆ ಕರೆಸಿದ್ರು.

"ಪ್ಲೇಟು ಕೂರಿಸಿದ್ದು ಯಾರು?"

"ನಾನೇ ಸರ್."

"ಫಿಟ್ಟರ್ ಅಲ್ವಾ?"

"ಫಿಟ್ಟರ್ ಕೂರಿಸಿದ್ರೆ ಸರಿಯಾಗಿ ಕೂರ್ತಿತ್ತು ಸರ್."

ಸಾಹೇಬರು ನಗಲಿಲ್ಲ. ಮೀಸೆ ಮಾತ್ರ ಸ್ವಲ್ಪ ಅಲ್ಲಾಡ್ತು. "ಮೂವತ್ತು ವರ್ಷದಿಂದ ತಪಾಸಣೆ ಮಾಡ್ತಿದೀನಿ, ಎಲ್ಲಾ ಹಡಗಲ್ಲೂ ತಪ್ಪು ಫಿಟ್ಟರದ್ದೇ. ನಿಮ್ಮನ್ನ ಲಕೋಟೆ ಹತ್ರ ಕಳಿಸಿದ್ರೆ ಅಲ್ಲಿ ವಿಳಾಸ ಬರೆಯೋ ಕಡೆಗೂ ಗೋಂದು ಹಚ್ತೀರಿ. ಇಲ್ಲೇ ಇರಿ. ನಾಳೆ ಸಂಜೆ ಒಳಗೆ ಆ ಪ್ಲೇಟು ಜಾಗಕ್ಕೆ ಬರಬೇಕು, ನಾಡಿದ್ದು ಅಜ್ಜಿ ಮುಂದಕ್ಕೆ ಓಡೋದನ್ನ ನಾನೇ ನಿಂತು ನೋಡ್ತೀನಿ." ಅಂದು ಸಹಿ ಹಾಕಿದ್ರು.

ಮಾರನೇ ದಿನ ಮಾವ ಫಿಟ್ಟರನ್ನ ಕರೆದು, ತಾವು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತ್ರು. ಅದರ ಮಾರನೇ ದಿನ ಅಜ್ಜಿ ಮುಂದಕ್ಕೂ ಓಡ್ತು. ಮೂರು ವರ್ಷ ಅಂದದ್ದು ಒಂಬತ್ತು ವರ್ಷ ಆಯ್ತು, ಮಾವ ಅಷ್ಟೂ ವರ್ಷ ಅದರ ಹೊಟ್ಟೆಯಲ್ಲೇ ಇದ್ದು ನಿವೃತ್ತಿ ಆದ್ರು. ಆ ವರ್ಗಾವಣೆ ಆದೇಶದಲ್ಲಿ ತಾರೀಕಿನ ಜಾಗ ಇವತ್ತಿಗೂ ಖಾಲಿ.

ತಪಾಸಣೆ ಫಾರಂ ಮಾತ್ರ ಮುಂದಿನ ತಿಂಗಳೇ ಹೊಸದಾಗಿ ಅಚ್ಚಾಯ್ತು. ಪೂರ್ತಿ ವೇಗ ಅನ್ನೋದರ ಮುಂಚೆ ಒಂದು ಪದ ಸೇರಿಸಿದ್ರು: 'ಮುಂದಕ್ಕೆ'. ಮಾವ ಅದರ ಒಂದು ಪ್ರತಿ ತಂದು ಚೌಕಟ್ಟು ಹಾಕಿಸಿ ನಡುಮನೆ ಗೋಡೆಗೆ ನೇತುಹಾಕಿದಾರೆ. ಬಂದವರಿಗೆಲ್ಲ, "ಇಡೀ ನೌಕಾಪಡೆಯ ಕಾನೂನಲ್ಲಿ ಈ ಒಂದು ಪದ ನಂದು" ಅಂತಾರೆ.

ಅತ್ತೆ ಕಾಫಿ ತಂದಿಟ್ಟು, "ಪದಕ ತರ್ತಾರೆ ಅಂತ ಗೋಡೆಗೆ ಮೊಳೆ ಹೊಡೆದಿದ್ದೆ" ಅಂತಾರೆ. ಬಿಸ್ಕತ್ತನ್ನ ಮಾತ್ರ ಮಾವನ ಕಡೆಗೇ ಸರಿಸ್ತಾರೆ.